ಎಲ್ಲರನ್ನೂ ಒಳಗೊಳ್ಳುವ ನಗರ: ವಾಸದ ಪುರಾವೆ ಮತ್ತು ನಾಗರಿಕ ಸೇವೆಗಳು

2007ನೇ ಇಸವಿಯಲ್ಲಿ ಅಂದಿನ ಬೆಂಗಳೂರು ಮಹಾನಗರ ಪಾಲಿಕೆಯ 100 ವಾರ್ಡುಗಳಿಗೆ ಸುತ್ತಲಿನ 7 ನಗರಸಭೆ, 1 ಪುರಸಭೆ ಹಾಗೂ 110 ಗ್ರಾಮಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. 2011ರ ಜನಗಣತಿಯಂತೆ ಸದರಿ ಪಾಲಿಕೆಯ ವ್ಯಾಪ್ತಿಯ ಜನಸಂಖ್ಯೆಯು ಸುಮಾರು 84 ಲಕ್ಷ. ಗ್ರೇಟರ್ ಬೆಂಗಳೂರು ಆಡಳಿತ ಅಧಿನಿಯಮ, 2024 ಜಾರಿಗೆ ಬಂದ ತರುವಾಯ 2025ರ ಸೆಪ್ಟೆಂಬರ್ ತಿಂಗಳಿನಲ್ಲಿ ಈ ಪ್ರದೇಶವನ್ನು ಐದು ನಗರ ಪಾಲಿಕೆಗಳಾಗಿ ವಿಂಗಡಿಸಲಾಗಿದೆ. ಹದಿನೆಂಟು ವರ್ಷಗಳ ಅವಧಿಯಲ್ಲಿ ಕಛೇರಿಗಳ ನಾಮಫಲಕಗಳು ಬದಲಾಗಿವೆ, ಗಡಿಗಳು ಬದಲಾಗಿವೆ, ಅರ್ಜಿ ಸಲ್ಲಿಸುವ ವಿಧಾನವು ಕಾಗದದಿಂದ ಗಣಕಯಂತ್ರಕ್ಕೆ ಸ್ಥಳಾಂತರಗೊಂಡಿದೆ. ಆದರೆ ಅರ್ಜಿಯೊಂದಿಗೆ ಮೊದಲು ಕೇಳಲಾಗುವ ದಾಖಲೆ ಹಿಂದಿನದೇ ಆಗಿದೆ: ವಾಸಸ್ಥಳದ ಪುರಾವೆ.

ಸ್ವಂತ ಮನೆಯುಳ್ಳವರಿಗೆ ಇದು ಒಂದು ಜೆರಾಕ್ಸ್ ಪ್ರತಿಯ ಕೆಲಸ. ಆದರೆ ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳಿಂದ ಬಂದು ನಗರದ ಅಂಚಿನ ಖಾಸಗಿ ಜಮೀನಿನಲ್ಲಿ ನೆಲಬಾಡಿಗೆ ತೆತ್ತು, ನೀಲಿ ಟಾರ್ಪಾಲಿನ ಗುಡಿಸಲು ಹಾಕಿಕೊಂಡಿರುವ ಕಟ್ಟಡ ಕಾರ್ಮಿಕನಿಗೆ ಬಾಡಿಗೆ ಕರಾರು ಪತ್ರವೂ ಇಲ್ಲ, ಬಾಗಿಲಿಗೆ ಸಂಖ್ಯೆಯೂ ಇಲ್ಲ. ಕರಾರು ಪತ್ರ ಬರೆದುಕೊಟ್ಟರೆ ತೆರಿಗೆಯ ಲೆಕ್ಕಕ್ಕೆ ಬರಬೇಕಾಗುತ್ತದೆ ಎಂಬ ಕಾರಣಕ್ಕೆ ಮಾಲೀಕರು ನಿರಾಕರಿಸುವ ವಠಾರಗಳಲ್ಲಿ ವಾಸಿಸುವ ಸಿದ್ಧ ಉಡುಪು ಕಾರ್ಖಾನೆಯ ಮಹಿಳೆಯರ ಸ್ಥಿತಿಯೂ ಇದಕ್ಕಿಂತ ಹೆಚ್ಚು ಭಿನ್ನವಾಗಿಲ್ಲ. ಇವರೆಲ್ಲರೂ ನಗರದಲ್ಲಿ ದುಡಿಯುತ್ತಾರೆ, ಖರೀದಿಸುವ ಪ್ರತಿಯೊಂದು ವಸ್ತುವಿನ ಮೇಲೆ ತೆರಿಗೆಯನ್ನೂ ತೆರುತ್ತಾರೆ. ಇವರಿಗೆ ನಗರದ ಸೇವೆಗಳು ಎಷ್ಟರ ಮಟ್ಟಿಗೆ ದೊರೆಯುತ್ತಿವೆ ಎಂಬುದು ಬಹುಮಟ್ಟಿಗೆ ಒಂದೇ ಅಂಶವನ್ನು ಅವಲಂಬಿಸಿದೆ. ಸೇವೆ ನೀಡುವ ನಿಯಮವು ಅರ್ಜಿದಾರರು ವಾಸ್ತವವಾಗಿ ಇಲ್ಲಿ ವಾಸಿಸುತ್ತಿದ್ದಾರೆಯೇ, ದುಡಿಯುತ್ತಿದ್ದಾರೆಯೇ ಎಂದು ಕೇಳುತ್ತದೆಯೋ, ಅಥವಾ ಅವರ ಬಳಿ ಸ್ವತ್ತಿನ ಕಾಗದವಿದೆಯೇ ಎಂದು ಕೇಳುತ್ತದೆಯೋ ಎಂಬುದೇ ಆ ಅಂಶ. ಕಳೆದ ಕೆಲವು ವರ್ಷಗಳ ಕಾನೂನು ಹಾಗೂ ಆದೇಶಗಳನ್ನು ಈ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಲಾಗಿದೆ.

ಮನೆ ಇಲ್ಲದವರಿಗೂ ಮತದಾನದ ಹಕ್ಕು

ವಾಸದ ಪುರಾವೆಯ ವಿಷಯದಲ್ಲಿ ಅತ್ಯಂತ ಉದಾರವಾದ ನಿಯಮವು ಅತ್ಯಂತ ಮಹತ್ವದ ಹಕ್ಕಿಗೆ ಸಂಬಂಧಿಸಿದೆ ಎಂಬುದು ಅನೇಕರಿಗೆ ತಿಳಿದಿರಲಾರದು. ಜನತಾ ಪ್ರಾತಿನಿಧ್ಯ ಅಧಿನಿಯಮ, 1950ರ 19ನೇ ಪ್ರಕರಣದಂತೆ ಮತದಾರರ ಪಟ್ಟಿಯಲ್ಲಿ ಹೆಸರು ಸೇರಲು ವ್ಯಕ್ತಿಯು ಆ ಕ್ಷೇತ್ರದ ಸಾಮಾನ್ಯ ನಿವಾಸಿಯಾಗಿರತಕ್ಕದ್ದು. ಕ್ಷೇತ್ರದಲ್ಲಿ ಮನೆಯ ಒಡೆತನ ಅಥವಾ ಸ್ವಾಧೀನ ಇದೆ ಎಂಬ ಕಾರಣವೊಂದರಿಂದಲೇ ಯಾರನ್ನೂ ಸಾಮಾನ್ಯ ನಿವಾಸಿ ಎಂದು ಪರಿಗಣಿಸತಕ್ಕದ್ದಲ್ಲ ಎಂದು 20ನೇ ಪ್ರಕರಣವು ಸ್ಪಷ್ಟಪಡಿಸಿದೆ. ಅಂದರೆ ಕಾನೂನು ನೋಡುವುದು ಒಡೆತನವನ್ನಲ್ಲ, ವಾಸವನ್ನು.

ಇದನ್ನು ಕಾರ್ಯರೂಪಕ್ಕೆ ತರಲು ಭಾರತ ಚುನಾವಣಾ ಆಯೋಗವು ನೀಡಿರುವ ಸೂಚನೆ ಗಮನಾರ್ಹವಾಗಿದೆ. ವಸತಿರಹಿತ ವ್ಯಕ್ತಿಯು ನಮೂನೆ 6ರಲ್ಲಿ ತಾನು ಮಲಗುವ ಸ್ಥಳವನ್ನು ವಿಳಾಸವಾಗಿ ನಮೂದಿಸಿ ಅರ್ಜಿ ಸಲ್ಲಿಸಬಹುದು. ಮತಗಟ್ಟೆ ಮಟ್ಟದ ಅಧಿಕಾರಿಯು ಸದರಿ ಸ್ಥಳಕ್ಕೆ ರಾತ್ರಿಯ ವೇಳೆ, ಒಂದಕ್ಕಿಂತ ಹೆಚ್ಚು ಬಾರಿ ಭೇಟಿ ನೀಡಿ, ಅರ್ಜಿದಾರರು ಅಲ್ಲಿ ಮಲಗುತ್ತಿರುವುದನ್ನು ಖಚಿತಪಡಿಸಿಕೊಳ್ಳತಕ್ಕದ್ದು. ಹಾಗೆ ಖಚಿತಪಟ್ಟಲ್ಲಿ ವಾಸಸ್ಥಳದ ಬೇರೆ ದಾಖಲೆಯ ಅಗತ್ಯವಿರುವುದಿಲ್ಲ. ಮೇಲ್ಸೇತುವೆಯ ಕೆಳಗೆ, ಮಾರುಕಟ್ಟೆಯ ಜಗಲಿಯ ಮೇಲೆ ಮಲಗುವ ಹಮಾಲಿಗೂ ಈ ನಿಯಮದಡಿ ವಿಳಾಸವಿದೆ.

ಇಲ್ಲಿ ಪುರಾವೆಯನ್ನು ತರುವ ಹೊರೆಯು ಅರ್ಜಿದಾರರ ಮೇಲೆ ಬೀಳದೆ, ಪರಿಶೀಲಿಸುವ ಹೊರೆಯಾಗಿ ಅಧಿಕಾರಿಯ ಮೇಲೆ ಬಿದ್ದಿದೆ. ರಾತ್ರಿ ಹತ್ತು ಗಂಟೆಗೆ ಹೋಗಿ ನೋಡುವುದು ಸುಲಭದ ಕೆಲಸವಲ್ಲ. ಎಲ್ಲ ಇಲಾಖೆಗಳಲ್ಲಿಯೂ ಇದನ್ನು ನಿರೀಕ್ಷಿಸಲು ಸಿಬ್ಬಂದಿಯೂ ಇಲ್ಲ. ಆದರೆ ಸರ್ಕಾರವನ್ನೇ ಆರಿಸುವ ಹಕ್ಕಿಗೆ ಮನೆಯ ಕಾಗದ ಬೇಡವೆಂದ ಮೇಲೆ, ನಲ್ಲಿಯ ನೀರಿಗೆ ಅದು ಬೇಕೇ ಬೇಕು ಎಂಬ ವಾದವನ್ನು ಪುನರ್ ಪರಿಶೀಲಿಸಬೇಕಾಗುತ್ತದೆ.

ನೀರು ಮತ್ತು ವಿದ್ಯುತ್ ಸಂಪರ್ಕ

ನೀರಿನ ಸಂಪರ್ಕವಿಲ್ಲದಿರುವುದರ ವೆಚ್ಚವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. 2024ರ ಬೇಸಿಗೆಯಲ್ಲಿ ನೀರಿನ ಅಭಾವ ತೀವ್ರವಾದಾಗ ಬೆಂಗಳೂರು ನಗರ ಜಿಲ್ಲಾಡಳಿತವು ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿಪಡಿಸಿತು. ಅದರಂತೆ ಐದು ಕಿಲೋಮೀಟರ್ ವ್ಯಾಪ್ತಿಯೊಳಗೆ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ, ಅಂದರೆ ಸಾವಿರ ಲೀಟರಿಗೆ 100 ರೂಪಾಯಿ. ಅದೇ ಸಮಯದಲ್ಲಿ ಜಲಮಂಡಳಿಯ ಗೃಹಬಳಕೆ ಸಂಪರ್ಕಕ್ಕೆ ಮೊದಲ ಹಂತದ ಬಳಕೆಯಲ್ಲಿ ಸಾವಿರ ಲೀಟರಿಗೆ 7 ರೂಪಾಯಿ ದರವಿತ್ತು. ನಿಗದಿತ ದರದಲ್ಲಿಯೇ ಟ್ಯಾಂಕರ್ ನೀರು ದೊರೆತಿತೆಂದು ಭಾವಿಸಿದರೂ ಅಂತರವು ಹದಿನಾಲ್ಕು ಪಟ್ಟಿಗೂ ಹೆಚ್ಚು. ಟ್ಯಾಂಕರನ್ನು ಇಡಿಯಾಗಿ ಖರೀದಿಸಲಾಗದೆ ಕೊಡದ ಲೆಕ್ಕದಲ್ಲಿ ನೀರು ಕೊಳ್ಳುವ ಕುಟುಂಬಕ್ಕೆ ಇದು ಇನ್ನೂ ದುಬಾರಿ. ಸಂಪರ್ಕಕ್ಕೆ ಅರ್ಹತೆಯ ದಾಖಲೆ ಇಲ್ಲದವರೇ ಹೆಚ್ಚಿನ ಬೆಲೆ ತೆರುತ್ತಿದ್ದಾರೆ. ಆ ಹಣ ಮಂಡಳಿಯ ಖಾತೆಗೂ ಜಮಾ ಆಗುವುದಿಲ್ಲ.

2000ದ ದಶಕದ ಆರಂಭದಲ್ಲಿ ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯು ಆಸ್ಟ್ರೇಲಿಯಾದ ನೆರವಿನೊಂದಿಗೆ ಕೆಲವು ಕೊಳಗೇರಿಗಳಲ್ಲಿ ಪ್ರಾಯೋಗಿಕ ಯೋಜನೆಯೊಂದನ್ನು ಕೈಗೊಂಡಿತ್ತು. ನಿವೇಶನದ ಹಕ್ಕುಪತ್ರದ ಬದಲಿಗೆ ಪಡಿತರ ಚೀಟಿ ಅಥವಾ ಗುರುತಿನ ಚೀಟಿಯಂತಹ, ವಾಸವನ್ನು ತೋರಿಸುವ ದಾಖಲೆಯನ್ನು ಅಂಗೀಕರಿಸಿ ಸಂಪರ್ಕ ನೀಡಿದ್ದು ಅದರ ಮುಖ್ಯ ಲಕ್ಷಣ. ಸಂಪರ್ಕ ನೀಡಿದ ಮಾತ್ರಕ್ಕೆ ಭೂಮಿಯ ಮೇಲೆ ಹಕ್ಕು ಹುಟ್ಟುವುದಿಲ್ಲ ಎಂಬ ತಿಳುವಳಿಕೆಯೇ ಇದಕ್ಕೆ ಆಧಾರ. 2024ರ ಅಕ್ಟೋಬರ್ ತಿಂಗಳಿನಲ್ಲಿ ದಿನಕ್ಕೆ 775 ದಶಲಕ್ಷ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತವು 110 ಗ್ರಾಮಗಳ ಪ್ರದೇಶಕ್ಕಾಗಿ ಉದ್ಘಾಟನೆಗೊಂಡ ಮೇಲೆ ಈ ಹಳೆಯ ಅನುಭವಕ್ಕೆ ಹೊಸ ಉಪಯೋಗವಿದೆ. ಕೊಳವೆ ಬೀದಿಯವರೆಗೆ ಬಂದರೂ ದಾಖಲೆಯ ಕಾರಣದಿಂದ ಮನೆಯೊಳಗೆ ಬಾರದಿದ್ದಲ್ಲಿ ಹೂಡಿದ ಬಂಡವಾಳದ ಪ್ರಯೋಜನ ಪೂರ್ಣವಾಗಿ ದೊರೆತಂತಾಗುವುದಿಲ್ಲ.

ವಿದ್ಯುತ್ತಿನ ವಿಷಯ ಹೆಚ್ಚು ತೊಡಕಿನದು. ವಿದ್ಯುಚ್ಛಕ್ತಿ ಅಧಿನಿಯಮ, 2003ರ 43ನೇ ಪ್ರಕರಣವು ಕಟ್ಟಡದ ಮಾಲೀಕರು ಅಥವಾ ಅಧಿಭೋಗದಾರರು ಅರ್ಜಿ ಸಲ್ಲಿಸಿದಲ್ಲಿ ವಿದ್ಯುತ್ ಪೂರೈಸುವುದು ಪರವಾನಗಿದಾರರ ಕರ್ತವ್ಯವೆಂದು ಹೇಳುತ್ತದೆ. ಇನ್ನೊಂದೆಡೆ, 2024ರ ಡಿಸೆಂಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಅನಧಿಕೃತ ನಿರ್ಮಾಣಗಳನ್ನು ಕುರಿತ ತೀರ್ಪಿನಲ್ಲಿ, ಸ್ವಾಧೀನಾನುಭವ ಪ್ರಮಾಣಪತ್ರವನ್ನು ಹಾಜರುಪಡಿಸಿದ ನಂತರವೇ ವಿದ್ಯುತ್, ನೀರು ಹಾಗೂ ಒಳಚರಂಡಿ ಸಂಪರ್ಕ ನೀಡುವಂತೆ ನಿರ್ದೇಶಿಸಿತು. ತೀರ್ಪಿನ ಉದ್ದೇಶವು ನಿಯಮ ಮೀರಿ ಮಹಡಿ ಏರಿಸುವ ನಿರ್ಮಾಣಗಾರರನ್ನು ತಡೆಯುವುದು. ಅದು ಯುಕ್ತವೇ ಆಗಿದೆ. ಅಗ್ನಿ ಸುರಕ್ಷತೆಯಿಲ್ಲದ, ಗಾಳಿ ಬೆಳಕಿಲ್ಲದ ಕಟ್ಟಡದಲ್ಲಿ ಮೊದಲು ಅಪಾಯಕ್ಕೆ ಸಿಲುಕುವವರೂ ಬಡ ಬಾಡಿಗೆದಾರರೇ. ಆದರೆ 2025ರಲ್ಲಿ ಇದರ ಅನುಷ್ಠಾನವಾದಾಗ ಚಿಕ್ಕ ನಿವೇಶನಗಳಲ್ಲಿ ಸಾಲ ಮಾಡಿ ಮನೆ ಕಟ್ಟಿಕೊಂಡವರ ಅರ್ಜಿಗಳೂ ಸ್ಥಗಿತಗೊಂಡವು. ಸದರಿ ತೊಂದರೆಯನ್ನು ಪರಿಗಣಿಸಿ ರಾಜ್ಯ ಸರ್ಕಾರವು ಅದೇ ವರ್ಷ 1,200 ಚದರ ಅಡಿಯವರೆಗಿನ, ಅಂದರೆ ಜನಸಾಮಾನ್ಯರು ಮೂವತ್ತು ನಲವತ್ತು ಎಂದು ಕರೆಯುವ ಅಳತೆಯ ನಿವೇಶನಗಳಲ್ಲಿನ ಸಣ್ಣ ವಾಸದ ಕಟ್ಟಡಗಳಿಗೆ ಸ್ವಾಧೀನಾನುಭವ ಪ್ರಮಾಣಪತ್ರದಿಂದ ವಿನಾಯಿತಿ ನೀಡಲು ತೀರ್ಮಾನಿಸಿತು. ವಿನಾಯಿತಿಯ ಮಿತಿಯನ್ನು ಅಳತೆಯಿಂದ ಗುರುತಿಸಿರುವುದರಿಂದ ಅದು ಸ್ಪಷ್ಟವಾಗಿದೆ. ಮಿತಿಗಿಂತ ದೊಡ್ಡದಾದ ಅನಧಿಕೃತ ಕಟ್ಟಡದಲ್ಲಿ ಒಂದು ಕೋಣೆಯನ್ನು ಬಾಡಿಗೆಗೆ ಪಡೆದಿರುವವರ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ನಕ್ಷೆಯ ಉಲ್ಲಂಘನೆಯಲ್ಲಿ ಅವರ ಪಾತ್ರವಿರುವುದಿಲ್ಲ.

ಬೀದಿ ಬದಿ ವ್ಯಾಪಾರಿಗಳು

ಪಾದಚಾರಿ ಮಾರ್ಗದಲ್ಲಿ ವ್ಯಾಪಾರ ಮಾಡುವುದೂ ಸಂವಿಧಾನದ 19(1)(ಜಿ) ಅನುಚ್ಛೇದದ ವ್ಯಾಪ್ತಿಗೆ, ಸೂಕ್ತ ನಿರ್ಬಂಧಗಳಿಗೆ ಒಳಪಟ್ಟು, ಸೇರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ಸೋಧನ್ ಸಿಂಗ್ ಪ್ರಕರಣದಲ್ಲಿ ತೀರ್ಮಾನಿಸಿತ್ತು. ಅದಾದ ಇಪ್ಪತ್ತೈದು ವರ್ಷಗಳ ನಂತರ ಬೀದಿ ಬದಿ ವ್ಯಾಪಾರಿಗಳ (ಜೀವನೋಪಾಯ ಸಂರಕ್ಷಣೆ ಮತ್ತು ಬೀದಿ ವ್ಯಾಪಾರ ನಿಯಂತ್ರಣ) ಅಧಿನಿಯಮ, 2014 ಜಾರಿಗೆ ಬಂದಿತು. ಈ ಕಾನೂನಿನ ವಿಶೇಷವೆಂದರೆ ಅದು ವ್ಯಾಪಾರಿಯನ್ನು ಗುರುತಿಸುವುದು ಅವರ ಮನೆಯಿಂದಲ್ಲ, ಅವರು ಮಾಡುವ ಕೆಲಸದಿಂದ. ಐದು ವರ್ಷಗಳಿಗೊಮ್ಮೆಯಾದರೂ ಸಮೀಕ್ಷೆ ನಡೆಸಿ, ಗುರುತಿಸಲಾದ ಎಲ್ಲರಿಗೂ ವ್ಯಾಪಾರ ಪ್ರಮಾಣಪತ್ರ ನೀಡತಕ್ಕದ್ದು. ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಸ್ಥಳಾಂತರಿಸಬೇಕಾದಲ್ಲಿ 30 ದಿನಗಳ ನೋಟೀಸು ಕಡ್ಡಾಯ. ವಶಪಡಿಸಿಕೊಂಡ ಸರಕು ಹಣ್ಣು ತರಕಾರಿಯಂತಹ ಬೇಗ ಕೆಡುವ ವಸ್ತುವಾಗಿದ್ದಲ್ಲಿ, ಕೋರಿಕೆ ಸಲ್ಲಿಸಿದ ದಿನವೇ ನಿಗದಿತ ಶುಲ್ಕ ಪಡೆದು ಹಿಂತಿರುಗಿಸಬೇಕು. ಇತರ ವಸ್ತುಗಳಿಗೆ ಎರಡು ಕೆಲಸದ ದಿನಗಳ ಕಾಲಾವಕಾಶವಿದೆ. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಶೇಕಡ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳ ಚುನಾಯಿತ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರಾಗಿರಬೇಕು.

ಕಾನೂನಿನ ಪಾಠ ಇಷ್ಟು ಸ್ಪಷ್ಟವಾಗಿದ್ದರೂ ಪಟ್ಟಿಯಲ್ಲಿ ಹೆಸರಿರುವವರ ಸಂಖ್ಯೆಯನ್ನು ನೋಡಿದಲ್ಲಿ ಅಂತರ ಕಾಣಿಸುತ್ತದೆ. ನಗರದ ಜನಸಂಖ್ಯೆಯ ಶೇಕಡ 2.5ರ ಮಿತಿಯೊಳಗೆ ವ್ಯಾಪಾರಿಗಳಿಗೆ ಅವಕಾಶ ಕಲ್ಪಿಸಬಹುದೆಂದು ಅಧಿನಿಯಮ ಹೇಳುತ್ತದೆ. 2011ರ ಜನಗಣತಿಯ 84 ಲಕ್ಷದ ಮೇಲೆ ಲೆಕ್ಕ ಹಾಕಿದರೂ ಇದು 2 ಲಕ್ಷ ಮೀರುತ್ತದೆ. 2017ರಲ್ಲಿ ಬೆಂಗಳೂರಿನಲ್ಲಿ ನಡೆದ ಸಮೀಕ್ಷೆಯಲ್ಲಿ ಗುರುತಿಸಲಾದವರು 25 ಸಾವಿರದ ಆಸುಪಾಸಿನಲ್ಲಿದ್ದರು. ಶೇಕಡ 2.5 ಎಂಬುದು ಗರಿಷ್ಠ ಮಿತಿಯೇ ಹೊರತು ಗುರಿಯಲ್ಲ ಎಂಬುದು ನಿಜ. ಆದರೂ ಕೃಷ್ಣರಾಜೇಂದ್ರ ಮಾರುಕಟ್ಟೆ, ಮಲ್ಲೇಶ್ವರ, ಗಾಂಧಿಬಜಾರ್, ಜಯನಗರ ನಾಲ್ಕನೇ ಬ್ಲಾಕ್ ಮುಂತಾದೆಡೆ ಒಂದು ಸಂಜೆ ನಡೆದು ನೋಡಿದವರಿಗೆ ಈ ಸಂಖ್ಯೆ ಕಡಿಮೆ ಎನಿಸದಿರದು. ಮುಂಜಾನೆ ಸೊಪ್ಪು ಮಾರಿ ಹೋಗುವವರು, ಸಂಜೆ ಮಾತ್ರ ಗಾಡಿ ನಿಲ್ಲಿಸುವವರು, ತಲೆಯ ಮೇಲೆ ಬುಟ್ಟಿ ಹೊತ್ತು ಬೀದಿ ಬೀದಿ ಸುತ್ತುವವರು ಕಛೇರಿಯ ವೇಳೆಯಲ್ಲಿ ನಡೆಯುವ ಎಣಿಕೆಗೆ ಸಿಗುವುದು ಅಪರೂಪ. ಚುನಾವಣಾ ಆಯೋಗದ ರಾತ್ರಿ ಭೇಟಿಯ ನಿಯಮವನ್ನು ಇಲ್ಲಿ ನೆನೆಯುವುದು ಸೂಕ್ತ.

ಪಟ್ಟಿಯಿಂದ ಬಿಟ್ಟುಹೋದವರಿಗೆ ದಾರಿ ಪೂರ್ಣವಾಗಿ ಮುಚ್ಚಿಲ್ಲ. 2020ರ ಜೂನ್ ತಿಂಗಳಿನಲ್ಲಿ ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಲ್ಲಿ, ಸಮೀಕ್ಷೆಯಲ್ಲಿ ಸೇರದ ವ್ಯಾಪಾರಿಯೂ ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆದು ಸಾಲಕ್ಕೆ ಅರ್ಜಿ ಸಲ್ಲಿಸಲು ಅವಕಾಶ ಕಲ್ಪಿಸಲಾಗಿದೆ. 2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಕಂತಿನ ಸಾಲವನ್ನು 10,000 ರೂಪಾಯಿಗಳಿಂದ 15,000 ರೂಪಾಯಿಗಳಿಗೆ ಹೆಚ್ಚಿಸಲಾಗಿದೆ. ಬೆಳಿಗ್ಗೆ ಸಾಲ ಪಡೆದು ಸಂಜೆ ಬಡ್ಡಿ ಸಮೇತ ಹಿಂತಿರುಗಿಸುವ ದಿನವಹಿ ಲೇವಾದೇವಿಯಲ್ಲಿ ಸಿಲುಕಿರುವ ವ್ಯಾಪಾರಿಗೆ ಈ ಮೊತ್ತ ಸಣ್ಣದಲ್ಲ.

ಕೆಲಸವನ್ನೇ ಆಧಾರವಾಗಿಟ್ಟುಕೊಳ್ಳುವ ಕಾನೂನುಗಳ ಸಾಲಿಗೆ 2025ರ ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಅಧಿನಿಯಮವೂ ಸೇರಿದೆ. ಆಹಾರ ತಲುಪಿಸುವವರು, ಬಾಡಿಗೆ ಕಾರು ಚಾಲಕರು ಮುಂತಾದವರ ವಿವರಗಳನ್ನು ನೀಡುವ ಹೊಣೆ ಕಂಪನಿಗಳ ಮೇಲಿದ್ದು, ಕಾರ್ಮಿಕರಿಗೆ ಸಂದಾಯವಾಗುವ ಮೊತ್ತದ ಮೇಲೆ ಶೇಕಡ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶವಿದೆ. ನಗರವನ್ನು ಪ್ರತಿ ಮುಂಜಾನೆ ಶುಚಿಗೊಳಿಸುವ ಪೌರಕಾರ್ಮಿಕರು ಬಹುಕಾಲ ಗುತ್ತಿಗೆದಾರರ ಪಟ್ಟಿಯಲ್ಲಿ ಮಾತ್ರ ಇದ್ದವರು. ಇವರ ಪೈಕಿ 12,692 ಮಂದಿಗೆ 2025ರ ಮೇ 1ರಂದು ಬೆಂಗಳೂರಿನಲ್ಲಿ ಖಾಯಂ ನೇಮಕಾತಿ ಆದೇಶ ನೀಡಲಾಯಿತು. ನೇಮಕಾತಿ ಆದೇಶವು ವೇತನದ ದಾಖಲೆ ಮಾತ್ರವಲ್ಲ. ಬ್ಯಾಂಕ್ ಸಾಲಕ್ಕೆ, ಮಕ್ಕಳ ಶಾಲೆಗೆ, ಮನೆ ಬಾಡಿಗೆಗೆ ತೋರಿಸಬಹುದಾದ ಒಂದು ಕಾಗದವೂ ಹೌದು.

ಪಡಿತರ, ಬಸ್ ಪ್ರಯಾಣ ಮತ್ತು ವಿಳಾಸ ಬದಲಾವಣೆ

ಒಂದು ದೇಶ ಒಂದು ಪಡಿತರ ಚೀಟಿ ವ್ಯವಸ್ಥೆಗೆ ಕರ್ನಾಟಕವು 2020ರ ಜನವರಿಯಲ್ಲಿಯೇ ಸೇರಿದ್ದು, 2022ರ ಜೂನ್ ವೇಳೆಗೆ ಎಲ್ಲ ರಾಜ್ಯಗಳೂ ಸೇರಿದವು. ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮದಡಿ ಚೀಟಿ ಹೊಂದಿರುವ ಹೊರ ರಾಜ್ಯದ ಕಾರ್ಮಿಕರೂ ತಮ್ಮ ಪಾಲಿನ ಧಾನ್ಯವನ್ನು ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಪಡೆಯಬಹುದು. ಇಲ್ಲಿ ವಿಳಾಸದ ಪ್ರಶ್ನೆ ಬರುವುದಿಲ್ಲ, ಬೆರಳಚ್ಚು ಹೊಂದಿದರೆ ಸಾಕು. 2017ರ ಆಗಸ್ಟ್‌ನಲ್ಲಿ ಆರಂಭವಾದ ಇಂದಿರಾ ಕ್ಯಾಂಟೀನ್‌ಗಳಲ್ಲಂತೂ 5 ರೂಪಾಯಿಯ ಉಪಾಹಾರಕ್ಕೆ ಯಾವ ಚೀಟಿಯನ್ನೂ ಕೇಳುವುದಿಲ್ಲ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಸ್ವರೂಪ ಬೇರೆ. ರಾಜ್ಯದ ನಿವಾಸಿ ಮಹಿಳೆಯರು ಹಾಗೂ ಲಿಂಗತ್ವ ಅಲ್ಪಸಂಖ್ಯಾತರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದಾಗಿದ್ದು, ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಅಗತ್ಯ. ಹತ್ತು ವರ್ಷಗಳಿಂದ ಪೀಣ್ಯದಲ್ಲಿಯೋ ಬೊಮ್ಮನಹಳ್ಳಿಯಲ್ಲಿಯೋ ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುತ್ತಿರುವ ಒಡಿಶಾದ ಮಹಿಳೆಯ ಆಧಾರ್ ಚೀಟಿಯಲ್ಲಿ ತವರಿನ ವಿಳಾಸವಿದ್ದಲ್ಲಿ ಆಕೆ ಟಿಕೆಟ್ ಪಡೆಯಬೇಕು. ರಾಜ್ಯದ ಬೊಕ್ಕಸದಿಂದ ವೆಚ್ಚ ಭರಿಸುವ ಯೋಜನೆಗೆ ರಾಜ್ಯದ ನಿವಾಸಿಗಳೆಂಬ ಮಿತಿ ಇರುವುದು ಅಸಹಜವೇನಲ್ಲ. ಆಕೆ ನಿವಾಸಿಯೇ ಆಗಿದ್ದಾರೆ, ಅದನ್ನು ತೋರಿಸುವ ಕಾಗದ ಮಾತ್ರ ಇಲ್ಲ.

ಹೀಗಾಗಿ ಹಲವು ಸೇವೆಗಳ ಬೀಗದ ಕೈ ಒಂದೇ ಕಡೆ ಇದೆ: ಆಧಾರ್‌ನಲ್ಲಿ ವಿಳಾಸ ಬದಲಾವಣೆ. ಬಾಡಿಗೆ ಕರಾರು ಪತ್ರವಿಲ್ಲದವರಿಗೆ ಎರಡು ಮಾರ್ಗಗಳಿವೆ. 2023ರ ಜನವರಿಯಲ್ಲಿ ಪ್ರಕಟಿಸಲಾದ ಸೌಲಭ್ಯದಂತೆ, ಅದೇ ವಿಳಾಸದಲ್ಲಿರುವ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯೊಂದಿಗೆ ಸಂಬಂಧಿಕರು ತಮ್ಮ ವಿಳಾಸ ಬದಲಾಯಿಸಿಕೊಳ್ಳಬಹುದು. ಇಲ್ಲವಾದಲ್ಲಿ ಪತ್ರಾಂಕಿತ ಅಧಿಕಾರಿ, ಶಾಸಕರು ಅಥವಾ ಪಾಲಿಕೆಯ ಸದಸ್ಯರು ನಿಗದಿತ ನಮೂನೆಯಲ್ಲಿ ದೃಢೀಕರಿಸಿದ ಪ್ರಮಾಣಪತ್ರ ಸಲ್ಲಿಸಬಹುದು. ಪಾಲಿಕೆಯ ಸದಸ್ಯರು ವಾರ್ಡಿನ ಜನರಿಗೆ ಸುಲಭವಾಗಿ ದೊರೆಯುವವರು. ಆದರೆ ಬೆಂಗಳೂರಿನಲ್ಲಿ ಚುನಾಯಿತ ಸದಸ್ಯರ ಅವಧಿಯು 2020ರ ಸೆಪ್ಟೆಂಬರ್‌ನಲ್ಲಿ ಮುಕ್ತಾಯವಾಗಿ, ಐದು ವರ್ಷಕ್ಕೂ ಮೀರಿ ನಗರವು ಆಡಳಿತಾಧಿಕಾರಿಗಳ ಅಡಿಯಲ್ಲಿತ್ತು. ಸಹಿಗಾಗಿ ಶಾಸಕರ ಕಛೇರಿಗೋ, ಪರಿಚಯವೇ ಇಲ್ಲದ ಪತ್ರಾಂಕಿತ ಅಧಿಕಾರಿಯ ಬಳಿಗೋ ಹೋಗಬೇಕಾದವರ ಸಾಲು ಆ ಅವಧಿಯಲ್ಲಿ ಉದ್ದವಾಯಿತು. ಚುನಾವಣೆಯ ವಿಳಂಬವನ್ನು ಸಾಮಾನ್ಯವಾಗಿ ರಾಜಕೀಯ ವಿಷಯವೆಂದು ಚರ್ಚಿಸಲಾಗುತ್ತದೆ. ಅದಕ್ಕೆ ಈ ಸಣ್ಣ ಆದರೆ ನಿತ್ಯದ ಮುಖವೂ ಇದೆ.

ಮಕ್ಕಳ ವಿಷಯದಲ್ಲಿ ಕಾನೂನು ಗೊಂದಲಕ್ಕೆ ಎಡೆಗೊಟ್ಟಿಲ್ಲ. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಅಧಿನಿಯಮ, 2009ರ 14ನೇ ಪ್ರಕರಣ ಹೇಳುತ್ತದೆ. ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಪ್ರವೇಶವನ್ನು ಮುಂದೂಡುವಂತೆಯೂ ಇಲ್ಲ. ಕಟ್ಟಡ ಕಾಮಗಾರಿಯೊಂದಿಗೆ ಊರಿಂದೂರಿಗೆ ಸಾಗುವ ಕುಟುಂಬಗಳು ಇದನ್ನು ತಿಳಿದಿರುವುದು ಅವಶ್ಯ.

ಅರ್ಜಿ ಸಲ್ಲಿಸುವುದರ ವೆಚ್ಚ

2005ರಲ್ಲಿ ಬೆಂಗಳೂರು ಒನ್ ಕೇಂದ್ರಗಳು ಆರಂಭವಾದ ಮೇಲೆ, 2012ರ ಏಪ್ರಿಲ್‌ನಲ್ಲಿ ಸಕಾಲ ರಾಜ್ಯಾದ್ಯಂತ ಜಾರಿಯಾದ ಮೇಲೆ, ಅರ್ಜಿಗಳ ವಿಲೇವಾರಿಗೆ ಕಾಲಮಿತಿ ದೊರೆತಿದೆ. ನಿಗದಿತ ಅವಧಿಯಲ್ಲಿ ಸೇವೆ ದೊರೆಯದಿದ್ದಲ್ಲಿ ದಿನವೊಂದಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅರ್ಜಿದಾರರು ಅರ್ಹರು. ಈ ಮೊತ್ತವನ್ನು ಅರ್ಜಿದಾರರ ಖರ್ಚಿನೊಂದಿಗೆ ಹೋಲಿಸಿ ನೋಡಬಹುದು. ಕಛೇರಿಗೆ ಒಂದು ಬಾರಿ ಬಂದು ಹೋಗುವುದೆಂದರೆ ದಿನಗೂಲಿಯವರಿಗೆ ಒಂದು ದಿನದ ಸಂಬಳ ಹೋದಂತೆ. ಒಂದು ದಾಖಲೆ ಕಡಿಮೆಯಿದೆ ಎಂದು ಮೂರು ಬಾರಿ ಹಿಂತಿರುಗಿಸಿದರೆ ಮೂರು ದಿನಗಳ ಸಂಬಳ. ಉಚಿತ ಸೇವೆಗಳೂ ಈ ರೀತಿಯಲ್ಲಿ ಬಡವರಿಗೆ ಉಚಿತವಾಗಿ ಉಳಿಯುವುದಿಲ್ಲ. ಮೊದಲ ಭೇಟಿಯಲ್ಲಿಯೇ ಬೇಕಾದ ದಾಖಲೆಗಳ ಪೂರ್ಣ ಪಟ್ಟಿಯನ್ನು ತಿಳಿಸುವುದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ.

ಕಛೇರಿಯ ಬಾಗಿಲನ್ನೇ ತಲುಪಲಾಗದವರ ಮಾತು ಇನ್ನೊಂದು. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಂತೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನೂ ನಿಯಮಗಳ ಪ್ರಕಟಣೆಯಾದ ಐದು ವರ್ಷಗಳೊಳಗೆ ಅವರ ಪ್ರವೇಶಕ್ಕೆ ಅನುಕೂಲವಾಗುವಂತೆ ಮಾರ್ಪಡಿಸಬೇಕಿತ್ತು. ನಿಯಮಗಳು ಪ್ರಕಟವಾದದ್ದು 2017ರ ಜೂನ್‌ನಲ್ಲಿ. ಕಡ್ಡಾಯ ಮಾನದಂಡಗಳನ್ನು ರೂಪಿಸುವಂತೆ ಸರ್ವೋಚ್ಚ ನ್ಯಾಯಾಲಯವು 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಬೇಕಾಯಿತು. ಗಾಲಿಕುರ್ಚಿಯಲ್ಲಿ ಬರುವ ಅರ್ಜಿದಾರರಿಗೆ, ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿರುವ ಕೌಂಟರ್ ಇದ್ದೂ ಇಲ್ಲದಂತೆ.

ಅರ್ಜಿದಾರರ ಗಮನಕ್ಕೆ

ಸಕಾಲ ವ್ಯಾಪ್ತಿಯ ಸೇವೆಗೆ ಅರ್ಜಿ ಸಲ್ಲಿಸಿದಾಗ 15 ಅಂಕಿಗಳ ಸಂಖ್ಯೆಯುಳ್ಳ ಸ್ವೀಕೃತಿಯನ್ನು ಕೇಳಿ ಪಡೆಯತಕ್ಕದ್ದು. ಅರ್ಜಿ ತಿರಸ್ಕೃತವಾದಲ್ಲಿ ಕಾರಣಗಳನ್ನು ಲಿಖಿತವಾಗಿ ತಿಳಿಸುವುದು ನಿಯೋಜಿತ ಅಧಿಕಾರಿಯ ಕರ್ತವ್ಯವಾಗಿದೆ. ದಾಖಲೆ ಸಾಲದು ಎಂದು ಬಾಯಿಮಾತಿನಲ್ಲಿ ಹೇಳಿದಲ್ಲಿ ಅರ್ಜಿಯನ್ನು ಹಿಂಪಡೆಯದೆ, ಅದಕ್ಕೆ ಹಿಂಬರಹ ನೀಡುವಂತೆ ಕೋರಬಹುದು. ಯಾವ ನಿಯಮದಡಿ ಯಾವ ದಾಖಲೆ ಅಗತ್ಯವೆಂಬುದು ಹಿಂಬರಹದಲ್ಲಿ ನಮೂದಾಗಿದ್ದಲ್ಲಿ ಮಾತ್ರ ಮೇಲ್ಮನವಿಗೆ ಆಧಾರ ದೊರೆಯುತ್ತದೆ. ಸದರಿ ಮೇಲ್ಮನವಿಯನ್ನು 30 ದಿನಗಳೊಳಗಾಗಿ ಸಕ್ಷಮ ಅಧಿಕಾರಿಗೆ ಸಲ್ಲಿಸಬೇಕಾಗಿರುತ್ತದೆ. ವಸತಿರಹಿತರು ಮತದಾರರ ಪಟ್ಟಿಗಾಗಿ ನಮೂನೆ 6ನ್ನು ಸಲ್ಲಿಸುವಾಗ ತಾವು ರಾತ್ರಿ ತಂಗುವ ಸ್ಥಳವನ್ನು ಸಮೀಪದ ಗುರುತಿನೊಂದಿಗೆ ಸ್ಪಷ್ಟವಾಗಿ ಬರೆಯುವುದು, ಹಾಗೂ ಪರಿಶೀಲನೆಯ ದಿನಗಳಲ್ಲಿ ಅದೇ ಸ್ಥಳದಲ್ಲಿರುವುದು ಸೂಕ್ತ.